ಗೇಮ್ ಮಶೀನಿಗೊಂದು ಜಾತಕ

ನಮ್ಮ ಚಿಕ್ಕಪ್ಪನಷ್ಟು ಕೆಟ್ಟ ವ್ಯಾಪಾರಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಹುಡುಕಿದರೂ ಇನ್ನೊಬ್ಬರು ಸಿಗುವುದಿಲ್ಲ! ಇದನ್ನು ನಾನು ಅವರ ಎದುರಿಗೇ ಹೇಳಿದ್ದೇನೆ. ಅವರು ಖುಷಿಯಿಂದ ಒಪ್ಪಿಕೊಂಡಿದ್ದಾರೆ.

ಒಂದು ಕಾಲಕ್ಕೆ ವಿಜಯನಗರದಲ್ಲಿ ಅವರ ವಿಡಿಯೋ ಗೇಮ್ ಅಂಗಡಿ ಇತ್ತು. ಕಾಯಿನ್ ಹಾಕಿ ನಿಂತುಕೊಂಡೇ ಆಡುವ, ಬೀರುವಿನಷ್ಟು ಎತ್ತರದ ಮಶೀನುಗಳು. ಮೊಬೈಲು ಬಂತು, ಅಂಗಡಿ ಮುಚ್ಚಿತು. ಈಗ ಅದೇ ಹಳೆಯ ಮಶೀನುಗಳನ್ನು ಹುಡುಕಿ ಮನೆಯಲ್ಲಿಟ್ಟುಕೊಳ್ಳುವ ಹುಚ್ಚರು ಹುಟ್ಟಿಕೊಂಡಿದ್ದಾರೆ, ನನ್ನನ್ನೂ ಸೇರಿಸಿ. ಚಿಕ್ಕಪ್ಪ ನಾಯಂಡಹಳ್ಳಿಯ ಶೆಡ್ಡಿನಲ್ಲಿ ಅವನ್ನು ರಿಪೇರಿ ಮಾಡಿ ಮಾರುತ್ತಾರೆ. ವಿಡಿಯೋ ನೋಡಿ ಬೆಸುಗೆ ಕಲಿತ ನಾನು ಪಕ್ಕದಲ್ಲಿ ಕೂತು ಬೋರ್ಡು ಬಿಚ್ಚುತ್ತೇನೆ. ಮಾರುತ್ತಾರೆ ಅಂದೆನೇ? ಮಾರಲು ಕೂರುತ್ತಾರೆ ಅಷ್ಟೇ!

ಕಾರಣ, ಜಾತಕ. ಪ್ರತಿ ಮಶೀನಿನ ಬೆನ್ನಿಗೂ ಅವರೊಂದು ಹಾಳೆ ಅಂಟಿಸುತ್ತಾರೆ. ನಾಲ್ಕು ಮೂಲೆಗೆ ಅರಿಶಿನ ಬೇರೆ! 'ದೋಷ ಒಂದು: ಬಲಗಡೆ ಬಟನ್ನಿಗೆ ಎರಡೇಟು ಬೇಕು. ದೋಷ ಎರಡು: ಅರ್ಧ ಗಂಟೆ ಆಡಿದ ಮೇಲೆ ಪರದೆಯಲ್ಲಿ ಕೆಂಪು ಬಣ್ಣ ಹೋಗುತ್ತದೆ. ದೋಷ ಮೂರು: ಪೇಂಟು ಒರಿಜಿನಲ್ ಅಲ್ಲ, ನಾನು ಹೊಡೆದದ್ದು.'

ಮಹಾಲಕ್ಷ್ಮಿ ಲೇಔಟಿನ ಗಿರಾಕಿಯೊಬ್ಬರು ಟೆಂಪೋ ತಂದೇ ಬಂದಿದ್ದರು. ಚಿಕ್ಕಪ್ಪ ಕೈ ಹಿಡಿದು ಮಶೀನಿನ ಹಿಂದಕ್ಕೆ ಕರೆದೊಯ್ದು ಜಾತಕ ಓದಿಸಿದರು.

"ನಿಮಗೆ ಮಾರೋಕೆ ಇಷ್ಟ ಇದ್ಯೋ ಇಲ್ವೋ?"

"ಇದೆ ಸಾರ್. ಆಮೇಲೆ ಮನೇಲಿ ಕೂತು ಬೈಕೊಳ್ಳೋ ಬದ್ಲು ಇಲ್ಲೇ ಬೈದುಬಿಡಿ."

ಅವರು ಬೈದರು. ಟೆಂಪೋ ಖಾಲಿ ಹೋಯಿತು.

ಕೊಳ್ಳುವಾಗಲಾದರೂ ಸುಮ್ಮನಿರುತ್ತಾರಾ? ಬಸವೇಶ್ವರನಗರದಲ್ಲೊಬ್ಬರು "ಒಂದೇ ಒಂದ್ ಪ್ರಾಬ್ಲಮ್ ಇಲ್ಲ ಅಣ್ಣ" ಎಂದು ಉರಿಯುವ ಪರದೆ ತೋರಿಸಿದರು. ಚಿಕ್ಕಪ್ಪ ಪರದೆ ನೋಡಲೇ ಇಲ್ಲ. ಮಶೀನಿನ ಬೆನ್ನಿಗೆ ಅಂಗೈ ಇಟ್ಟರು.

"ಕೆಂಡ ಆಗಿದೆಯಲ್ಲಪ್ಪ! ನಾವು ಬರೋಕ್ ಮುಂಚೆನೇ ಆನ್ ಮಾಡಿಟ್ಟಿದ್ದೀರ. ತಣ್ಣಗಿದ್ರೆ ಸ್ಟಾರ್ಟ್ ಆಗಲ್ವಾ?"

ಮಾರುವವರು ಗಡಿಯಾರ ನೋಡಿಕೊಂಡರು. ಹೊರಗೆ ಬಂದು ಚಿಕ್ಕಪ್ಪ ಹೇಳಿದರು: "ಮೊದ್ಲು ಬೆನ್ನು ಮುಟ್ಟಿ ನೋಡ್ಬೇಕು ಕಣೋ. ಬಿಸಿ ಇತ್ತು ಅಂದ್ರೆ ಏನೋ ಮುಚ್ಚಿಡ್ತಿದಾರೆ ಅಂತ."

ಇಂಥ ಮನುಷ್ಯನಿಂದ ನಾವು ಒಂದು ವಿಷಯ ಮುಚ್ಚಿಟ್ಟೆವು. ಅವರ ಸ್ಕ್ಯಾನಿಂಗ್ ರಿಪೋರ್ಟ್ ತಂದವನು ನಾನೇ. ಹೊಟ್ಟೆಯ ಗಡ್ಡೆ ಈಗಾಗಲೇ ಲಿವರಿಗೆ ಹರಡಿತ್ತು. ಚಿಕ್ಕಮ್ಮ ಆ ರಿಪೋರ್ಟನ್ನು ರವೆ ಡಬ್ಬದೊಳಗೆ ಇಟ್ಟು ಮುಚ್ಚಳ ಬಿಗಿದರು. "ಗ್ಯಾಸ್ಟ್ರಿಕ್ ಅಂತ ಹೇಳು. ಗೊತ್ತಾದ್ರೆ ಅವತ್ತೇ ಮಲ್ಗಿಬಿಡ್ತಾರೆ." ನಾನು ಹೇಳಿದೆ. ಅವರು ಜೆಲುಸಿಲ್ಲಿನಂಥದ್ದೇನೋ ಕುಡಿಯುತ್ತಾ ಶೆಡ್ಡಿಗೆ ಬರುತ್ತಲೇ ಇದ್ದರು, ದಿನದಿನಕ್ಕೆ ಅಂಗಿ ದೊಡ್ಡದಾಗುತ್ತಿತ್ತು.

ಸುಳ್ಳು ರೂಢಿಯಾದರೆ ಕೈ ಸಲೀಸಾಗುತ್ತದೆ ನೋಡಿ! ಕೆಂಗೇರಿ ಉಪನಗರದ ಮೇಷ್ಟ್ರೊಬ್ಬರು ಕೆಂಪು ಹೋಗುವ ಮಶೀನನ್ನು ಒಪ್ಪಿದಾಗ, ನಾನು ದೋಷ ಎರಡರ ಮೇಲೆ ಸ್ಟಿಕರ್ ಅಂಟಿಸಿದೆ. ಚಿಕ್ಕಪ್ಪ ಉಗುರಿನಿಂದ ಕೆರೆದು ತೆಗೆದರು. ಬೈಯಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ನನ್ನ ಕೈಗಿಟ್ಟರು. "ಓದು. ಪೂರ್ತಿ."

ಓದಿದೆ. ಆ ಕಡೆಯಿಂದ ಮೇಷ್ಟ್ರು ನಕ್ಕರು. "ಅರ್ಧ ಗಂಟೆ ಕೆಂಪು ಇರುತ್ತಲ್ಲಪ್ಪ, ಸಾಕು. ಕಳಿಸಿಕೊಡಿ."

ಮಶೀನು ಹೋದ ಸಂಜೆ ನಾನು ಚಿಕ್ಕಪ್ಪನ ವಿಜಯನಗರದ ಮನೆಗೆ ಹೋದೆ. ಮೆಟ್ಟಿಲಲ್ಲೇ ಮುಖಕ್ಕೆ ನಗು ಹಾಕಿಕೊಂಡೆ. ಅವರು ದಿವಾನ್ ಮೇಲೆ ಒರಗಿದ್ದರು. "ಹೇಗಿದೀರಾ? ಫಸ್ಟ್‌ಕ್ಲಾಸ್ ಕಾಣ್ತಿದೀರಾ!" ಎಂದು ಪಕ್ಕದಲ್ಲಿ ಕೂತೆ.

ಅವರು ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟರು.

"ಬಿಸಿ ಇದೆ ಕಣೋ," ಎಂದರು. "ಎಲ್ರೂ ನಾನು ನೋಡೋಕ್ ಮುಂಚೆನೇ ಆನ್ ಆಗಿರ್ತೀರ."

ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಮಾತು ಕೇಳಿಸಿಕೊಂಡಿದ್ದ ಚಿಕ್ಕಮ್ಮ ಬಂದು, ರವೆ ಕೊಡವಿ, ರಿಪೋರ್ಟನ್ನು ನನ್ನ ತೊಡೆಯ ಮೇಲಿಟ್ಟರು.

"ದೋಷದಿಂದ ಶುರು ಮಾಡು. ಒಂದೂ ಬಿಡ್ಬೇಡ," ಎಂದರು ಚಿಕ್ಕಪ್ಪ.

ಓದಿದೆ. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಡಾಕ್ಟರು ಹೇಳಿದ ತಿಂಗಳ ಲೆಕ್ಕವನ್ನೂ ಹೇಳಿದೆ.

"ಪೇಂಟ್ ಒರಿಜಿನಲ್ಲೇ ಅಂತ ಬರೆದಿಲ್ವಾ?" ಎಂದು ಚಿಕ್ಕಪ್ಪ ಬಣ್ಣ ಹಚ್ಚದ ತಮ್ಮ ನರೆತ ತಲೆ ಸವರಿಕೊಂಡರು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ಗಿರಾಕಿಗೆ ಕೇಳುವ ದನಿಯಲ್ಲೇ ಕೇಳಿದರು: "ಇಷ್ಟೆಲ್ಲ ದೋಷ ಇದೆ ಕಣೇ. ಇಟ್ಕೊತೀಯಾ?"

ಚಿಕ್ಕಮ್ಮ ಅವರ ಕಾಲ ಮೇಲಿನ ಹೊದಿಕೆ ಸರಿಮಾಡಿದರು.

"ನಾನು ಬೆನ್ನು ಮುಟ್ಟಿ ನೋಡೇ ತಗೊಂಡಿದ್ದು ರೀ."