ದೊಡ್ಡಮಲ್ಲಪ್ಪನವರ ಸೊಂಟದಳತೆ

ಶಿವಮಲ್ಲು ಅಂದು ಬೆಳಿಗ್ಗೆ ಹೇಳಿದ್ದು ಒಂದು ಸಂಖ್ಯೆ. ಅದೂ ಸರಿಯಾದದ್ದೇ.

"ಸೊಂಟ ನಲವತ್ತಾರು," ಎಂದ.

ಗುಂಡ್ಲುಪೇಟೆಯ ನೀಲಕಂಠಸ್ವಾಮಿಯ ಟೈಲರ್ ಅಂಗಡಿಯಲ್ಲಿ ಅಳತೆಯನ್ನು ಕೂಗಿ ಹೇಳುವುದು ಪದ್ಧತಿ. ಶಿವಮಲ್ಲು ಟೇಪು ಹಿಡಿದು ಕೂಗಬೇಕು, ಮಾಲೀಕ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಇವತ್ತು ಟೇಪಿನೊಳಗೆ ನಿಂತಿದ್ದವರು ಬಾಳೆಕಾಯಿ ಮಂಡಿಯ ದೊಡ್ಡಮಲ್ಲಪ್ಪ. ವರ್ತಕರ ಸಂಘಕ್ಕೆ ಹೊಸದಾಗಿ ಅಧ್ಯಕ್ಷರಾಗಿ ಆರಿಸಿಬಂದಿದ್ದರು. ಗುರುವಾರ ಅಧಿಕಾರ ವಹಿಸಿಕೊಳ್ಳಲು ಸಫಾರಿ ಬೇಕಾಗಿತ್ತು.

"ಸರಿಯಾಗ್ ನೋಡ್ಲಾ," ಎಂದರು ಅವರು, ಹೊಟ್ಟೆಯನ್ನು ಇನ್ನಷ್ಟು ಒಳಗೆಳೆದುಕೊಂಡು.

ಸರಿಯಾಗಿ ನೋಡು ಎಂದರೆ ಶಿವಮಲ್ಲು ಸರಿಯಾಗಿಯೇ ನೋಡುವವನು. ಅದೇ ಅವನ ಕರ್ಮ.

"ಉಸ್ರು ಬುಡಿ ಯಜಮಾನ್ರೆ," ಎಂದ. ಅವರು ಬಿಟ್ಟರು. "ನಲವತ್ತೇಳು."

ಪಕ್ಕದ ಟೀ ಅಂಗಡಿಯ ಸೋಮೇಶ ಗ್ಲಾಸು ತೊಳೆಯುತ್ತಲೇ, "ನಾನು ಐವತ್ತು ಅಂದ್ಕಂಡಿದ್ದೆ," ಎಂದು ತನ್ನ ಪಾಲನ್ನೂ ಸೇರಿಸಿದ. ಬೆಂಚಿನ ಮೇಲಿದ್ದವರು ಪೇಪರಿನ ಹಿಂದೆ ಮುಖ ಅಡಗಿಸಿಕೊಂಡರು. ದೊಡ್ಡಮಲ್ಲಪ್ಪ ಹೊಲಿಯಲು ತಂದಿದ್ದ ಬಟ್ಟೆಯನ್ನು ಕಂಕುಳಿಗೆ ತುರುಕಿಕೊಂಡು ಹೊರಟೇಹೋದರು.

ನೀಲಕಂಠಸ್ವಾಮಿ ತಲೆ ಚಚ್ಚಿಕೊಂಡ. "ನಿಂಗೆ ಎಷ್ಟ್ ಸಲ ಹೇಳ್ಕೊಡ್ಬೇಕ್ಲಾ? ದಪ್ಪ ಇರೋರಿಗೆ ಬಾಯಲ್ಲಿ ಮೂವತ್ತೆಂಟು ಅನ್ನು. ನಾನು ಟೇಪು ನೋಡ್ಕಂಡು ಪಕ್ಕದಲ್ಲಿ ಚುಕ್ಕಿ ಇಡ್ತೀನಿ. ಒಂದ್ ಚುಕ್ಕಿಗೆ ಒಂದಿಂಚು. ಬಟ್ಟೇನೂ ಸರಿಯೋಯ್ತದೆ, ಅವರ ಮನಸ್ಸೂ ತಣ್ಣಗಿರ್ತದೆ."

"ಟೇಪಲ್ಲಿ ನಲವತ್ತೇಳೇ ಇತ್ತಲ್ಲಣ್ಣ?"

"ಟೇಪು ನಿಂಗೆ ಸಂಬಳ ಕೊಡ್ತದಾ?"

ಎರಡು ವರ್ಷ ಕಾಜಾ ಮಾಡಿ, ಗುಂಡಿ ಹಾಕಿ ಶಿವಮಲ್ಲುವಿನ ಬೆರಳುಗಳು ಜರಡಿಯಾಗಿದ್ದವು. ಮುಂದಿನ ಸೋಮವಾರದಿಂದ ಕತ್ತರಿ ನಿನ್ನ ಕೈಗೆ ಎಂದು ಮಾಲೀಕ ಮಾತು ಕೊಟ್ಟಿದ್ದ. ಆ ಕತ್ತರಿಗಾಗಿಯೇ ಅವನು ಇಷ್ಟು ದಿನ ಎಲ್ಲ ಬೈಗುಳವನ್ನೂ ನುಂಗಿಕೊಂಡಿದ್ದ.

"ಮಂಡಿ ಹಮಾಲಿಗಳ ಯೂನಿಫಾರಂ ಆರ್ಡರು ಅವರ ಕೈಲದೆ. ನನ್ನ ಮೊಬೈಲ್ ನಂಬರ್ ನೋಡುದ್ರೇ ಕಟ್ ಮಾಡ್ತಾವ್ರೆ," ಎಂದ ನೀಲಕಂಠಸ್ವಾಮಿ. "ಸಂಜೆ ಒಳಗೆ ಅವರು ಇಲ್ಲಿರ್ಬೇಕು. ಇಲ್ದಿದ್ರೆ ನಿಂಗೆ ಕತ್ರಿನೂ ಇಲ್ಲ, ಕೆಲಸಾನೂ ಇಲ್ಲ."

ಶಿವಮಲ್ಲು ಬಿಸಿಲಲ್ಲಿ ಓಡಿದ. ಮಂಡಿಯಲ್ಲಿ ಕೇರಳದ ಲಾರಿಗೆ ಬಾಳೆಗೊನೆ ತುಂಬುತ್ತಿದ್ದರು.

"ತಪ್ಪಾಯ್ತು ಯಜಮಾನ್ರೆ," ಎಂದು ಕೈಮುಗಿದ. "ನಿಮ್ಮ ಸೊಂಟ ನಲವತ್ತೇಳು ಅಂತ ನಾನು ನಾಕ್ ಜನದ ಮುಂದೆ ಹೇಳ್ಬಾರ್ದಾಗಿತ್ತು."

ಇದನ್ನು ಅವನು ಹದಿನೈದು ಜನರ ಮುಂದೆ ಹೇಳಿದ. ಮಲಯಾಳಿ ಡ್ರೈವರಿಗೆ ಮಾತು ಅರ್ಥವಾಗದೆ ಇದ್ದುದರಿಂದ ಹಮಾಲಿಯೊಬ್ಬ ಎರಡು ಕೈ ಅಗಲಿಸಿ ತೋರಿಸಿ ಅರ್ಥ ಮಾಡಿಸಿದ. ಗುರುವಾರದೊಳಗೆ ಬೇರೆ ಟೈಲರ್ ಸಿಗುವಂತಿರಲಿಲ್ಲ. ದೊಡ್ಡಮಲ್ಲಪ್ಪ ಹಲ್ಲು ಕಡಿಯುತ್ತ, "ಸಂಜೆಗೆ ಬತ್ತೀನಿ. ಮೊದ್ಲು ನೀನು ಇಲ್ಲಿಂದ ಓಗು," ಎಂದರು.

ಮಧ್ಯಾಹ್ನವೆಲ್ಲ ಸೋಮೇಶನ ಪಾಠ ನಡೆಯಿತು. ಹಾಲಿನ ದೊಡ್ಡ ಕ್ಯಾನಿಗೆ ಟೇಪು ಸುತ್ತಿ ಮೂವತ್ತೆಂಟು ಎನ್ನಬೇಕು. ಮೊದಮೊದಲು ಶಿವಮಲ್ಲುವಿಗೆ ಕೆಮ್ಮು ಬಂತು, ಆಮೇಲೆ ಬೆವರು ಬಂತು. "ಟೇಪು ನೋಡ್ಬ್ಯಾಡ ಕಣ್ಲಾ, ಗೋಡೆ ನೋಡು," ಎಂದ ಸೋಮೇಶ. ಇಪ್ಪತ್ತನೇ ಸಲಕ್ಕೆ ಸುಳ್ಳು ಸಲೀಸಾಗಿ ಹೊರಬಂತು.

ಸಂಜೆ ದೊಡ್ಡಮಲ್ಲಪ್ಪ ಬಂದು ಕೈ ಎತ್ತಿ ನಿಂತರು. ಶಿವಮಲ್ಲು ಟೇಪು ಸುತ್ತಿ, ಗೋಡೆ ನೋಡಿ, "ಮೂವತ್ತೆಂಟು," ಎಂದ. ನೀಲಕಂಠಸ್ವಾಮಿ ಒಂಬತ್ತು ಚುಕ್ಕಿ ಇಟ್ಟ.

"ಬೆಳಿಗ್ಗೆ ನಲವತ್ತೇಳಿತ್ತಲ್ಲೋ?" ಎಂದರು ದೊಡ್ಡಮಲ್ಲಪ್ಪ.

"ಅದು ಹಳೇ ಟೇಪು ಯಜಮಾನ್ರೆ. ನೆಂದು ಒಣಗಿ ಕುಗ್ಗೋಗಿತ್ತು."

ದೊಡ್ಡಮಲ್ಲಪ್ಪ ಟೇಪಿನ ತುದಿ ಹಿಡಿದು ನೋಡಿದರು, ಅವನ ಮುಖ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

"ನನ್ನ ಸೊಂಟ ನನಗೆ ಗೊತ್ತಿಲ್ವೇನಪ್ಪ? ಇದು ಅದೇ ಟೇಪು. ಒಂಬತ್ತಿಂಚು ನುಂಗ್ಬುಟ್ಟು ಎಂಗ್ ನಿಂತವ್ನೆ ನೋಡಿ ಸ್ವಾಮಿ, ಕಣ್ಣೂ ಮಿಟುಕಿಸ್ನಿಲ್ಲ. ನಮ್ ಮಂಡೀಲಿ ತೂಕ ಕೂಗೋನು ಎರಡು ಕೆಜಿ ಕಮ್ಮಿ ಹೇಳಾಕೂ ತಡವರಿಸ್ತಾನೆ, ರೈತರು ಹಿಡ್ಕಬುಡ್ತಾರೆ. ಇವನನ್ನ ನನಗೆ ಕೊಟ್ಬುಡಿ. ಹಮಾಲಿಗಳ ಯೂನಿಫಾರಂ ಎಲ್ಲಾ ನೀವೇ ಹೊಲೀರಿ."

"ಕರ್ಕಂಡೋಗಿ ಯಜಮಾನ್ರೆ," ಎಂದ ನೀಲಕಂಠಸ್ವಾಮಿ, ಒಂದು ಗಳಿಗೆಯೂ ಯೋಚಿಸದೆ. ಶಿವಮಲ್ಲುವಿನ ಕೊರಳಿನಿಂದ ಟೇಪು ತೆಗೆದು ತನ್ನ ಕೊರಳಿಗೆ ಹಾಕಿಕೊಂಡ.

ಶಿವಮಲ್ಲುವಿಗೆ ಅಳು ಬರುವಂತಾಯಿತು. "ನಂಗೆ ಸುಳ್ಳು ಹೇಳಾಕ್ ಬರಾಕಿಲ್ಲ ಯಜಮಾನ್ರೆ. ಹುಟ್ಟಿದ್ಮ್ಯಾಗೆ ಹೇಳಿದ್ದು ಇವತ್ತೇ. ಅದೂ ಇವರು ಹೇಳ್ಕೊಟ್ಟಿದ್ದಕ್ಕೆ."

ದೊಡ್ಡಮಲ್ಲಪ್ಪ ಮೆಚ್ಚಿ ತಲೆದೂಗಿದರು. "ನೋಡಿದ್ರಾ ಸ್ವಾಮಿ, ಇದನ್ನೂ ಎಷ್ಟ್ ಚೆಂದಾಗ್ ಹೇಳ್ತಾನೆ," ಎಂದು ಅವನ ಬೆನ್ನು ತಟ್ಟಿದರು. "ನಾಳೆ ಬೆಳಿಗ್ಗೆ ಆರಕ್ಕೆ ಬಂದ್ಬುಡು."