ಬೇವಿನ ನೆರಳಿನಲ್ಲಿ ಸೌರದೀಪ

ಹುಬ್ಬಳ್ಳಿಯ ನಮ್ಮ ಹಳೇ ಓಣಿಗೆ ಸುಧಾರಣೆ ಬಂದಾಗಲೆಲ್ಲ ನನಗೆ ಮೊದಲು ಸಿಟ್ಟು ಬರುತ್ತದೆ, ನಗು ಆಮೇಲೆ. ಈ ಸಲ ಬಂದದ್ದು ಬಿಸಿಲಿನಿಂದಲೇ ಓಣಿ ಬೆಳಗಿಸುವ ಯೋಜನೆ. ಯೋಜನೆಯ ಮೇಲೆ ನನ್ನ ತಕರಾರಿಲ್ಲ. ಅದಕ್ಕಾಗಿ ಅರ್ಜಿ ಬರೆದು ಬರೆದು ಬೆರಳು ಸವೆಸಿದವನೇ ನಾನು.

೧. ಉದ್ಘಾಟನೆ

ಮೊದಲ ಸೌರದೀಪದ ಕಂಬವನ್ನು ದೊಡ್ಡ ಬೇವಿನ ಗಿಡದ ಕೆಳಗೆ ನೆಟ್ಟರು.

"ಇಲ್ಲಿ ಬಿಸಿಲೇ ಬೀಳೂದಿಲ್ಲಲ್ರಿ!" ಎಂದು ಕೂಗಿದೆ.

ಗುತ್ತಿಗೆದಾರ ನನ್ನನ್ನು ಪಕ್ಕಕ್ಕೆ ಎಳೆದ. "ಸಾವಕಾಶ ಮಾತಾಡ್ರಿ. ಉದ್ಘಾಟನಾಕ್ಕ ದೊಡ್ಡವರು ಬರ್ತಾರ. ಅವರೇನು ಬಿಸಿಲಾಗ ನಿಲ್ಲಬೇಕೇನು?"

ದೊಡ್ಡವರು ಬಂದರು. ನೆರಳಲ್ಲಿ ನಿಂತು ಸೂರ್ಯನನ್ನು ಹೊಗಳಿದರು. ಬೇವಿನ ಹೂವು ಅವರ ಪೇಟದ ಮೇಲೆ ಮೆಲ್ಲಗೆ ಉದುರುತ್ತಿತ್ತು.

ಸಂಜೆ ದೀಪ ಹತ್ತಲಿಲ್ಲ.

೨. ನಕಾಶೆ

ವಾರದ ಮೇಲೆ ಎಂಜಿನಿಯರು ಬಂದ. "ಗಿಡ ಕಡೀಬೇಕಾಗ್ತದ್ರಿ."

ನನ್ನ ನೆತ್ತಿ ಉರಿಯಿತು. ತಗಡಿನ ಮನೆಗಳವರಿಗೆ ಬೇಸಿಗೆಯ ಮಧ್ಯಾಹ್ನ ಆ ನೆರಳೇ ಮನೆ. ಹೆಂಗಸರು ಹಳೇ ಸೀರೆ ಸೇರಿಸಿ ಹೊದೆಯುವ ಕೌದಿ ಹೊಲಿಯುವುದೂ ಅಲ್ಲೇ. "ಕಂಬ ಸರಿಸ್ರಿ!" ಎಂದೆ.

"ಕಂಬ ನಕಾಶದಾಗ ಐತ್ರಿ. ಗಿಡ ಇಲ್ಲ."

ಗಿಡದ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿದಳು: "ನಾವರೆ ಅದೀವೇನಪಾ ಅದ್ರಾಗ?"

ಅವನು ನಕಾಶೆ ಬಿಚ್ಚಿ, ಬೆರಳಿಟ್ಟು, ಪ್ರಾಮಾಣಿಕವಾಗಿ ಹುಡುಕಿದ.

"ಇಲ್ರೀ ಯವ್ವಾ."

೩. ನೆರಳಿನ ಅಳತೆ

ಅರ್ಜಿಯ ಮೇಲೆ ಅರ್ಜಿ ಹಾಕಿದೆ. ಕೊನೆಗೆ ಪಾಲಿಕೆಯವರು ಒಬ್ಬ ಸಾಹೇಬರನ್ನು ಕಳಿಸಿದರು. ತಾಸಿಗೊಮ್ಮೆ ನೆರಳು ಅಳೆದು, ಗಿಡ ಇರಬೇಕೋ ಬೇಡವೋ ಎಂದು ಅವರು ಬರೆಯಬೇಕು.

ಹನ್ನೆರಡಕ್ಕೆ ಒಂದು ಸಲ ಅಳೆದರು. ಅಜ್ಜಿ ಮಜ್ಜಿಗೆ ಕೊಟ್ಟಳು. ಹೊಲಿದು ಮುಗಿಸಿದ ಕೌದಿ ಹಾಸಿದಳು. "ಐದ ಮಿನಿಟ," ಎಂದು ಸಾಹೇಬರು ಒರಗಿದರು.

ತಂಗಾಳಿ ಬೀಸಿತು. ಎಲೆಗಳ ಸಪ್ಪಳ, ದೂರದ ಹಿಟ್ಟಿನ ಗಿರಣಿಯ ಗುಂಯ್‌ಗುಡುವಿಕೆ. ಇಡೀ ಓಣಿ ನೀರಿನ ಮೇಲೆ ತೇಲುತ್ತಿದ್ದಂತಿತ್ತು. ನೆರಳು ಸರಿದಂತೆಲ್ಲ ಸಾಹೇಬರೂ ನಿದ್ದೆಯಲ್ಲೇ ಹೊರಳಿ ಅದರ ಹಿಂದೆ ಸರಿದರು. ಜಗಳಕ್ಕೆ ಕೂತಿದ್ದ ನನ್ನ ಸಿಟ್ಟೂ ತೂಕಡಿಸಿತು.

ಅವರು ಎದ್ದಾಗ ಐದು ಗಂಟೆ. ಒಂದೇ ಅಳತೆ ಬರೆದಿದ್ದ ಹಾಳೆ ನೋಡಿದರು. ಗಿಡ ನೋಡಿದರು. ನನ್ನನ್ನು ನೋಡಿದರು. ನಾನು ಹೊಸ ಅರ್ಜಿ ಬರೆಯತೊಡಗಿದ್ದೆ.

ಸಾಹೇಬರು ಲಗೂನೆ ಪೆನ್ನು ತೆಗೆದು, "ಗಿಡ ಇರಲಿ, ಕಂಬ ಸರಿಸತಕ್ಕದ್ದು" ಎಂದು ಬರೆದು ಸಹಿ ಹಾಕಿದರು. ಆಮೇಲೆ ತಲೆ ಕೆರೆದುಕೊಂಡರು. "ಸರಿಸೂದೇನೋ ಖರೇ. ಎಲ್ಲಿ ನೆಡಬೇಕು? ಮತ್ತ ಅಳತಿ ಮಾಡಬೇಕಲ್ರಿ?"

ಅಜ್ಜಿ ಕೌದಿ ಝಾಡಿಸಿ ಮಡಚಿದಳು.

"ಅಳತಿ ಯಾಕ ತಮ್ಮಾ? ನಿನಗ ಎಲ್ಲಿ ನಿದ್ದಿ ಹತ್ತೂದಿಲ್ಲೋ, ಅಲ್ಲಿ ನೆಡು."