ಸೋಫಾದ ಮೇಲಿನ ಸಭಿಕರು

ಮೂವತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಒಡವೆ ಕೇಳಲಿಲ್ಲ, ಪ್ರವಾಸ ಕೇಳಲಿಲ್ಲ. ಕೇಳಿದ್ದು ಎರಡು ನಿಮಿಷದ ಭಾಷಣ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದ ಅವಳಿಗೆ ಶನಿವಾರ ನಿವೃತ್ತಿಯ ಬೀಳ್ಕೊಡುಗೆ. ಗಂಡನಾದವನು ನಾಲ್ಕು ಮಾತಾಡಲೇಬೇಕೆಂದು ಅವಳ ಸಹೋದ್ಯೋಗಿಗಳ ತೀರ್ಪು. ಒಡವೆಯನ್ನೇ ಕೇಳಬಾರದಿತ್ತೇ ಪುಣ್ಯಾತ್ಗಿತ್ತಿ!

ಮೈಕು ಕಂಡರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಹಿಂದೆ ಅವಳಿಗೆ ಬಡ್ತಿ ಸಿಕ್ಕಾಗ ವೇದಿಕೆ ಹತ್ತಿ, "ನನ್ನ ಹೆಂಡತಿಯ ಬಡ್ತಿಗೆ ತೀವ್ರ ಸಂತಾಪ ವ್ಯಕ್ತಪಡಿಸುತ್ತೇನೆ" ಎಂದುಬಿಟ್ಟಿದ್ದೆ. (ಸಂತೋಷ ಅನ್ನಬೇಕಿತ್ತು, ಅಷ್ಟೆ. ಎರಡಕ್ಕೂ ಶುರು ಒಂದೇ ಅಲ್ಲವೇ?) ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು ಎನ್ನುವುದು ಈ ಪ್ರಕರಣವನ್ನು ಇನ್ನಷ್ಟು ಘೋರವಾಗಿಸಿತು.

"ಊರವರ ತಪ್ಪೆಲ್ಲ ತಿದ್ತೀರಿ, ನಿಮ್ಮ ಬಾಯಿ ತಿದ್ದೋರು ಯಾರ್ರೀ? ಈ ಸಲವೂ ಎಡವಟ್ಟು ಮಾಡಿದ್ರೆ ನಾನು ಆಸ್ಪತ್ರೆಯಿಂದ ತಲೆ ಎತ್ತಿ ಹೊರಗೆ ಬರೋ ಹಾಗಿಲ್ಲ," ಎಂದಳು.

ನನ್ನ ಸಂಕಟ ನೋಡಲಾರದೆ ಭಾವಮೈದುನ (ಎಲೆಕ್ಟ್ರಾನಿಕ್ಸ್ ಅಂಗಡಿಯವನು) ಇಲ್ಲದ್ದನ್ನು ಇದ್ದಂತೆ ತೋರಿಸುವ ದಪ್ಪ ಕನ್ನಡಕದಂಥ ಒಂದು ವಿಆರ್ ಹೆಡ್‌ಸೆಟ್ ತಂದು ನನ್ನ ತಲೆಗೆ ಬಿಗಿದ.

"ಕಂಪ್ಯೂಟರ್ ಬೇಡ, ವೈರ್ ಬೇಡ, ಯಾರ ಹಂಗೂ ಇಲ್ಲ ಭಾವ. ಪೂರ್ತಿ ಸ್ವತಂತ್ರ!"

"ಹಾಗಾದ್ರೆ ಈ ಮನೇಲಿ ಸ್ವತಂತ್ರವಾಗಿರೋದು ಇದೊಂದೇ."

"ಭಾಷಣದ ಅಭ್ಯಾಸಕ್ಕೆ ಅಂತಲೇ ಇದರಲ್ಲಿ ಆ್ಯಪ್ ಇದೆ. ನಿಮ್ಮ ಕೋಣೆ ಇದ್ದ ಹಾಗೇ ಕಾಣುತ್ತೆ. ಸೋಫಾ ಮೇಲೆ ಸಭಿಕರನ್ನ ಮಾತ್ರ ಅದೇ ಕೂರಿಸುತ್ತೆ. ಸುಳ್ಳು ಜನ. ಹೆದರೋದೇನಿದೆ?"

ಗುರುವಾರ ಸಂಜೆ, ಮನೆಯಲ್ಲಿ ಯಾರೂ ಇಲ್ಲದಾಗ, ಹೆಡ್‌ಸೆಟ್ ಏರಿಸಿ ಗುಂಡಿ ಒತ್ತಿದೆ. ಸೋಫಾ ಕಂಡಿತು, ಟೀಪಾಯಿ ಕಂಡಿತು, ಸಭಿಕರ ಸುಳಿವಿಲ್ಲ. ಕಾದೆ. ಆಮೇಲೆ ಬಾಗಿಲು ತೆರೆದುಕೊಂಡು ನಾಲ್ವರು ಹೆಂಗಸರು ಒಳಬಂದು ಕೂತರು. ಮೂವರು ನರ್ಸ್‌ಗಳು. ನಾಲ್ಕನೆಯವಳು ಥೇಟ್ ನನ್ನ ಹೆಂಡತಿ!

ಭಾವಮೈದುನ ಅಕ್ಕನ ಫೋಟೊ ಹಾಕಿರಬೇಕು. ಎಂಥ ಕರಾಮತ್ತು! ಹತ್ತಿರ ಹೋಗಿ ಬಗ್ಗಿ ನೋಡಿದೆ. "ಮೂಗು ಸ್ವಲ್ಪ ದಪ್ಪ ಬಂದಿದೆ. ಸಿಡುಕು ಮಾತ್ರ ಅಚ್ಚೊತ್ತಿದ ಹಾಗಿದೆ," ಎಂದು ಜೋರಾಗಿಯೇ ಮೆಚ್ಚಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಪಕ್ಕದವಳು ಕೈ ಅದುಮಿದ ಕೂಡಲೇ ಸುಮ್ಮನಾದಳು. ನಿಜವಾದ ಹೆಂಡತಿಯಾಗಿದ್ದರೆ ಸುಮ್ಮನಾಗುತ್ತಿದ್ದಳೇ? ನನಗೆ ಧೈರ್ಯ ಬಂತು.

"ಸಭಿಕರೇ, ನನ್ನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾದಾಗ, ಕೆಲಸ ಹೋಗಬಾರದೆಂದು ಕರಡನ್ನು ಕದ್ದುಮುಚ್ಚಿ ಮನೆಗೆ ತರುತ್ತಿದ್ದೆ. ಇಡೀ ದಿನ ವಾರ್ಡಿನಲ್ಲಿ ನಿಂತು ಬಂದ ಇವಳು ಪಕ್ಕದಲ್ಲಿ ಕೂತು ಓದುತ್ತಿದ್ದಳು. ಬರೀ ಪದಗಳನ್ನಲ್ಲ, ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ, ಎಲ್ಲವನ್ನೂ ಬಾಯಿಬಿಟ್ಟು. ಆಪರೇಷನ್ ಆಗುವವರೆಗೆ, ಎರಡು ತಿಂಗಳು! ನನಗೆ ಅಷ್ಟೂ ವಿರಾಮಗಳನ್ನು ಓದಿ ಹೇಳಿದವಳಿಗೆ ನಾನು ಒಂದು ದಿನದ ವಿರಾಮವನ್ನೂ ಕೊಡಲಿಲ್ಲ."

ಹೇಗೂ ಸುಳ್ಳು ಜನವಲ್ಲವೇ, ಹೊಟ್ಟೆಯಲ್ಲಿದ್ದ ಇನ್ನೊಂದನ್ನೂ ಕಕ್ಕಿಬಿಟ್ಟೆ.

"ದಿನಾ ಬೆಳಗ್ಗೆ ಐದಕ್ಕೆ ಅಲಾರಂ ಹೊಡೆಯುತ್ತದೆ. ನನಗೆ ಕೇಳಿಸುವುದಿಲ್ಲ ಎಂದು ಇವಳು ನಂಬಿದ್ದಾಳೆ. ಮೂವತ್ತೊಂದು ವರ್ಷದಿಂದ ಚೆನ್ನಾಗಿಯೇ ಕೇಳಿಸುತ್ತಿದೆ. ಮನೆಗೆಲಸಕ್ಕೆ ಇವಳೊಬ್ಬಳೇ ಏಳಲಿ ಎಂದು ಮುಸುಕೆಳೆದುಕೊಂಡು ಬಿದ್ದಿರುತ್ತೇನೆ. ಕ್ಷಮಿಸಿಬಿಡು ಕಣೇ."

ಚಪ್ಪಾಳೆ ಬಿತ್ತು. ಹೆಮ್ಮೆಯಿಂದ ಹೆಡ್‌ಸೆಟ್ ತೆಗೆದೆ. ಸಭಿಕರು ಹೋಗಲಿಲ್ಲ.

ಮೂವರೂ ನರ್ಸ್‌ಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ಶನಿವಾರದ ಏರ್ಪಾಟು ಮಾತಾಡಲು ಬಂದಿದ್ದರಂತೆ. ಹೆಂಡತಿ ಬಿಕ್ಕುತ್ತಲೇ, "ನನ್ನ ಮೂಗು ದಪ್ಪಾನಾ?" ಎಂದಳು.

ಶನಿವಾರ ವೇದಿಕೆ ಹತ್ತಿದಾಗ ಎದುರಿಗೆ ಇನ್ನೂರು ಜನ. ಎಲ್ಲ ಸುಳ್ಳು ಜನ, ಎಲ್ಲ ಸುಳ್ಳು ಜನ ಎಂದು ಜಪಿಸಿಕೊಂಡೇ ಮಾತಾಡಿದೆ. ಒಂದಕ್ಷರ ತಪ್ಪಲಿಲ್ಲ! (ಅಲಾರಂ ಭಾಗವನ್ನು ಮಾತ್ರ ಕರಡಿನಲ್ಲೇ ಹೊಡೆದುಹಾಕಿದ್ದೆ.) ಕೆಳಗಿಳಿದು ಬಂದಾಗ ಅವಳು ಎಲ್ಲರೆದುರೂ ನನ್ನ ಕೈ ಹಿಡಿದುಕೊಂಡಳು. ಆ ಯಂತ್ರಕ್ಕೂ, ಅದನ್ನು ತಂದ ಭಾವಮೈದುನನಿಗೂ ನಾನು ಜೀವನಪೂರ್ತಿ ಋಣಿ.

ಭಾನುವಾರ ಬೆಳಗ್ಗೆ ಐದಕ್ಕೆ ಅಲಾರಂ ಹೊಡೆಯಿತು.

"ನಿವೃತ್ತಿ ಆಯ್ತಲ್ಲೇ, ಇನ್ನೂ ಯಾಕೆ ಇದು?"

"ನಿಮಗೆ ಕೇಳಿಸುತ್ತಲ್ಲ, ಅದಕ್ಕೆ," ಎಂದು ಮುಸುಕೆಳೆದುಕೊಂಡಳು.

ಅಂದಿನಿಂದ ಹಾಲು ಕಾಯಿಸುವುದು, ಪಾತ್ರೆ ತೊಳೆಯುವುದು ನನ್ನ ಪಾಲಿಗೆ. ಅವಳಿಗೆ ಈಗ ಅಲಾರಂ ಕೇಳಿಸುವುದೇ ಇಲ್ಲವಂತೆ.